ಎಲೆ ಪಾರ್ವತಮ್ಮ ಬಾಯಿಬಿಟ್ಟ ದಿನ

ಚಾಮರಾಜಪೇಟೆಯಲ್ಲಿ ಎಲೆ ಪಾರ್ವತಮ್ಮನ ಬಾಯಿಗೆ ಹೆದರದವರು ಕಡಿಮೆ. ಮಾರ್ಕೆಟ್ಟಿನ ಕಡೆಗೆ ಹೋಗುವ ರಸ್ತೆಯ ಮೂಲೆಯಲ್ಲಿ, ಬೀಗ ಬಿದ್ದ ಹಳೆಯ ಮನೆಯೊಂದರ ಜಗಲಿಯೇ ಅವಳ ಅಂಗಡಿ. ಒದ್ದೆ ಗೋಣಿಚೀಲದ ಕೆಳಗೆ ಬಾಳೆಎಲೆಯ ಕಟ್ಟುಗಳು, ಪಕ್ಕದಲ್ಲೊಂದು ಕುಡುಗೋಲು, ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಪಾರ್ವತಮ್ಮ. ಬಸವನಗುಡಿಯ ಕಲ್ಯಾಣಮಂಟಪಗಳ ಅಡುಗೆಯವರು ಎಲೆಗೆ ಅವಳಲ್ಲಿಗೇ ಬರುತ್ತಾರೆ. ಎಲೆ ಮುಟ್ಟಿ ನೋಡಿ ಮೂಗು ಮುರಿದವನಿಗೆ, "ಎಲೆ ಮೇಲೆ ಊಟ ಹಾಕ್ತೀಯೋ, ಎಲೇನೇ ಊಟಕ್ಕೆ ಹಾಕ್ತೀಯೋ?" ಎಂದು ಕೇಳುತ್ತಾಳೆ. ಒಮ್ಮೆ ಜಗಲಿ ಖಾಲಿ ಮಾಡಿಸಲು ಬಂದ ಪೊಲೀಸಿನವನನ್ನು ಕೂರಿಸಿಕೊಂಡು ಅವನ ಊರು, ಮನೆತನ, ಅಜ್ಜಿಯ ಹೆಸರು ಎಲ್ಲ ವಿಚಾರಿಸಿ, ಕೊನೆಗೆ ಅವನ ತಂಗಿಯ ಮದುವೆಯ ಎಲೆಯ ಆರ್ಡರನ್ನೂ ತಾನೇ ಹಿಡಿದಿದ್ದಳು.

ಇಂಥ ಹೆಂಗಸು ಒಂದೇ ಒಂದು ವಿಷಯವನ್ನು ಮೂವತ್ತು ವರ್ಷಕ್ಕೂ ಮೇಲೆ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಅದನ್ನು ಹೇಳಿದ್ದು ಮೊಮ್ಮಗಳ ನಾಮಕರಣದ ದಿನ, ನೆಂಟರು ಊಟಕ್ಕೆ ಕೂತಿದ್ದಾಗ. ಹೇಳಿದ್ದು ಯಾಕೆ ಎಂದು ತಿಳಿಯಬೇಕಾದರೆ ಅವಳ ಅಕ್ಕನಿಂದ ಶುರುಮಾಡಬೇಕು.

ಪಾರ್ವತಮ್ಮ ಹುಟ್ಟಿದ್ದು ಕನಕಪುರದಿಂದ ಆಚೆ ಒಂದು ಸಣ್ಣ ಊರಿನಲ್ಲಿ. ಅಪ್ಪ ಬೇರೆಯವರ ಬಾಳೆತೋಟದಲ್ಲಿ ಕೂಲಿ ಮಾಡುತ್ತಿದ್ದ. ಬಾಳೆಗಿಡ ಗೊನೆ ಹಾಕುವುದು ಒಂದೇ ಸಲ. ಗೊನೆ ಬಲಿಯುತ್ತ ಬಂದಂತೆ ಎಲೆಗಳು ಅಂಚಿನಿಂದ ಒಣಗುತ್ತವೆ, ದಿಂಡು ಒಂದು ಕಡೆಗೆ ವಾಲುತ್ತದೆ. ಗೊನೆ ಇಳಿಸಿದ ಮೇಲೆ ತಾಯಿಗಿಡವನ್ನು ಕಡಿದು ದನಗಳ ಮುಂದೆ ಹಾಕುವುದು ಅಪ್ಪನ ಕೆಲಸವಾಗಿತ್ತು. ಬುಡದಲ್ಲಿ ಎದ್ದ ಕಂದುಗಳಿಗೆ ನೀರು ಬಿಡುವುದು ಪಾರ್ವತಿ ಮತ್ತು ಅವಳ ಅಕ್ಕ ಚನ್ನಿಯ ಕೆಲಸ.

ಚನ್ನಿಯನ್ನು ಪಕ್ಕದ ಊರಿಗೇ ಕೊಟ್ಟರು. ವರ್ಷ ಬಿಟ್ಟು ವರ್ಷ ಹೆತ್ತಳು. ನಾಲ್ಕೂ ಹೆಣ್ಣು. ಐದನೆಯ ಬಸಿರಿನಲ್ಲಿ ತವರಿಗೆ ಬಂದಾಗ ಅವಳ ಕೈಬಳೆ ಮೊಣಕೈ ತನಕ ಜಾರುತ್ತಿತ್ತು. ಹೆರಿಗೆಯಲ್ಲಿ ರಕ್ತ ನಿಲ್ಲಲಿಲ್ಲ. ಎತ್ತಿನ ಗಾಡಿ ಕಟ್ಟಿ ಆಸ್ಪತ್ರೆಗೆ ಹೊರಡುವಷ್ಟರಲ್ಲಿ ಹೋಗಿಬಿಟ್ಟಳು. ಮಗು ಗಂಡಾಗಿತ್ತು. ಅದೂ ಅಮ್ಮನ ಹಿಂದೆಯೇ ಹೋಯಿತು. ಮಣ್ಣು ಮಾಡಿ ಬಂದ ಮೇಲೆ ಊರಿನ ಹಿರಿಯನೊಬ್ಬ ಜಗಲಿಯಲ್ಲಿ ಕೂತು, "ಬಾಳೆಗಿಡದಂಗೆ ಬಾಳಿದ್ಲು ಕಣಪ್ಪ. ಫಲ ಕೊಟ್ಟು ತಾನು ಹೋದ್ಲು. ಪುಣ್ಯವಂತೆ" ಎಂದ. ಕೂತಿದ್ದವರೆಲ್ಲ ತಲೆಯಾಡಿಸಿದರು.

ಆಗ ಪಾರ್ವತಿಗೆ ಇನ್ನೂ ಲಂಗ ಉಡುವ ವಯಸ್ಸು. ಚನ್ನಿಗೆ ಹುಣಸೆಕಾಯಿಯನ್ನು ಉಪ್ಪು ಮೆಣಸಿನಕಾಯಿಯ ಜೊತೆ ಕುಟ್ಟಿ ನೆಕ್ಕುವುದೆಂದರೆ ಪ್ರಾಣ. ಗಂಡುಹುಡುಗರಿಗಿಂತ ಮೇಲಿನ ಕೊಂಬೆಗೆ ಹತ್ತುತ್ತಿದ್ದಳು. ಒಂದು ಸಲ ರೈಲು ನೋಡಬೇಕು ಅನ್ನುತ್ತಿದ್ದಳು. ಸತ್ತವಳ ಬಗ್ಗೆ ಅಷ್ಟೊಂದು ಮಾತಾಡಿದ ಜಗಲಿಯಲ್ಲಿ ಅದರಲ್ಲಿ ಒಂದನ್ನೂ ಯಾರೂ ಎತ್ತಲಿಲ್ಲ. ವರ್ಷ ತುಂಬುವುದರೊಳಗೆ ಭಾವ ಇನ್ನೊಂದು ಮದುವೆಯಾದ.

ಪಾರ್ವತಿಯನ್ನು ಬೆಂಗಳೂರಿಗೆ ಕೊಟ್ಟರು. ಗಂಡ ನರಸಿಂಹಯ್ಯ ಬಿನ್ನಿಪೇಟೆಯಲ್ಲಿ ಬಟ್ಟೆ ಮಿಲ್ಲಿನ ಕೆಲಸಗಾರ. ಕುಡಿತವಿಲ್ಲ, ಬೈಗುಳವಿಲ್ಲ, ಮಾತೇ ಕಡಿಮೆ. ಅವನ ಪಾಲಿನ ಮಾತನ್ನೂ ಸೇರಿಸಿ ಆಡಲು ಅವನ ಅಕ್ಕ ಮುನಿಯಮ್ಮ ಇದ್ದಳು. ಅದೇ ವಠಾರದಲ್ಲಿ ಎದುರು ಮನೆ. ಪಾರ್ವತಮ್ಮ ಎರಡು ಹೆಣ್ಣು ಹೆತ್ತ ಮೇಲೆ ಮುನಿಯಮ್ಮ, ತನ್ನ ಮಗ ಶಶಿಕುಮಾರನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು, "ನಮ್ಮಪ್ಪನ ಹೆಸರು ಹೇಳೋಕೆ ಒಂದು ಗಂಡು ಬೇಡ್ವಾ?" ಎಂದು ಕೇಳುತ್ತಿದ್ದಳು.

ಮೂರನೆಯದು ಸುಮನ್. ದಪ್ಪ ಮಗು, ಹೆರಿಗೆ ತುಂಬ ಕಷ್ಟವಾಯಿತು. ಮಿಲ್ಲು ಆಗಾಗ ಬಾಗಿಲು ಹಾಕುತ್ತಿದ್ದ ಕಾಲ ಅದು. ಬಾಣಂತನ ಮುಗಿಯುವ ಮೊದಲೇ ಪಾರ್ವತಮ್ಮ ಸೊಂಟಕ್ಕೆ ಸೀರೆ ಬಿಗಿದು, ಮಾರ್ಕೆಟ್ಟಿಗೆ ಹೋಗಿ ಎಲೆಯ ಕಟ್ಟು ತಲೆಯ ಮೇಲೆ ಹೊತ್ತು ತಂದು ಮಾರತೊಡಗಿದಳು. ಹಾಗೆ ಹೊರುತ್ತಿದ್ದಾಗಲೇ ಒಂದು ದಿನ ಕಿಬ್ಬೊಟ್ಟೆಯಲ್ಲಿ ಏನೋ ಕಳಚಿ ಕೆಳಗೆ ಇಳಿದಂತಾಯಿತು. ಮನೆಗೆ ಬಂದು ನೋಡಿಕೊಂಡರೆ ಗರ್ಭಕೋಶವೇ ಜಾರಿ ಹೊರಕ್ಕೆ ಬಂದಿತ್ತು. ಮಲಗಿದರೆ ಒಳಗೆ ಹೋಗುತ್ತಿತ್ತು, ನಿಂತರೆ, ಕೆಮ್ಮಿದರೆ, ಭಾರ ಎತ್ತಿದರೆ ಮತ್ತೆ ಇಳಿಯುತ್ತಿತ್ತು. ಹಳೆಯ ಸೀರೆ ಹರಿದು ಲಂಗೋಟಿಯ ಹಾಗೆ ಬಿಗಿಯಾಗಿ ಕಟ್ಟಿಕೊಂಡಳು. ಅಂದಿನಿಂದ ಕಟ್ಟದೆ ಮನೆಯಿಂದ ಆಚೆ ಕಾಲಿಡಲಿಲ್ಲ. ಕೂತ ಕಡೆಯಿಂದ ಏಳುವಾಗ ಒಂದು ಕ್ಷಣ ನಿಲ್ಲುವುದು, ನಗು ಬಂದಾಗ ಕಾಲು ಜೋಡಿಸಿಕೊಳ್ಳುವುದು, ಬಸ್ಸಿನಲ್ಲಿ ಕುಲುಕುವ ಹಿಂದಿನ ಸೀಟಿಗೆ ಹೋಗದಿರುವುದು, ಎಲ್ಲ ಅಭ್ಯಾಸವಾಯಿತು. ಹೆತ್ತದ್ದಕ್ಕೆ ಇಷ್ಟು ಕೊಡಬೇಕು ಅಂತ ಇರಬೇಕು ಎಂದುಕೊಂಡಳು. ಗಂಡ ಹತ್ತಿರ ಬಂದರೆ ಬೆನ್ನುನೋವು ಎನ್ನುತ್ತಿದ್ದಳು. ನರಸಿಂಹಯ್ಯ ಬೆನ್ನಿಗೆ ಮುಲಾಮು ತಂದುಕೊಟ್ಟ.

ಮಿಲ್ಲು ಪೂರ್ತಿ ಮುಚ್ಚಿತು. ಚಾಮರಾಜಪೇಟೆಗೆ ಮನೆ ಬದಲಾಯಿಸಿದರು. ಮಿಲ್ಲುಗಳಿದ್ದ ಕಡೆ ಎದ್ದ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನರಸಿಂಹಯ್ಯ ಸೆಕ್ಯುರಿಟಿಯಾದ. ಹೆಣ್ಣುಮಕ್ಕಳ ಮದುವೆಯಾಯಿತು. ಸುಮನ್ ಲಿಫ್ಟ್ ರಿಪೇರಿ ಕಲಿತು ಕಂಪನಿಯೊಂದರಲ್ಲಿ ಮೆಕ್ಯಾನಿಕ್ ಆದ. ಅವನು ತಾನೇ ಮೆಚ್ಚಿ ಮದುವೆಯಾದ ಹುಡುಗಿ ರಂಜಿನಿ ಖಾಸಗಿ ಶಾಲೆಯೊಂದರಲ್ಲಿ ಆಟದ ಟೀಚರು. ಕೊರಳಲ್ಲಿ ಸೀಟಿ, ಕಾಲಲ್ಲಿ ಕ್ಯಾನ್ವಾಸ್ ಶೂ. ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹತ್ತುತ್ತಿದ್ದಳು. ಅವಳು ಹಾಗೆ ಹತ್ತುವುದನ್ನು ಕಂಡರೆ ಪಾರ್ವತಮ್ಮನಿಗೆ ಒಳಗೊಳಗೇ ಏನೋ ಸಂತೋಷ. ಬಾಯಲ್ಲಿ ಮಾತ್ರ, "ಮೆಟ್ಟಿಲು ಮುರೀಬೇಡ ತಾಯಿ, ಬಾಡಿಗೆ ಮನೆ" ಎನ್ನುತ್ತಿದ್ದಳು.

ರಂಜಿನಿಗೆ ಮೊದಲನೆಯದು ಹೆಣ್ಣಾಯಿತು. ಅದು ಶಾಲೆಗೆ ಹೋಗುವ ಹೊತ್ತಿಗೆ ಇನ್ನೊಮ್ಮೆ ಬಸುರಿಯಾದಳು. ತಿಂಗಳು ತುಂಬುತ್ತಿದ್ದಂತೆ ಕಾಲು ಊದಿಕೊಂಡವು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂದು ಎಲ್ಲರೂ ಅಂದರು. ಪಾರ್ವತಮ್ಮನೂ ಅಂದಳು. ಹೆರಿಗೆಯಾದ ಮೂರನೆಯ ದಿನ ರಂಜಿನಿ ದಿಂಬಿಗೆ ಒರಗಿ ಕೂತು, ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತ, ಮಾತು ಹೊರಡದೆ ಅತ್ತೆಯ ಸೆರಗು ಹಿಡಿದಳು. ತುಟಿ ನೀಲಿಯಾಗಿತ್ತು. ಅವಳನ್ನು ಐಸಿಯುಗೆ ತಳ್ಳಿಕೊಂಡು ಹೋದರು.

ಎರಡು ವಾರದ ಮೇಲೆ, ಗಂಡಾಂತರ ಕಳೆದ ಬಳಿಕ, ಸರ್ಕಾರಿ ಹೆರಿಗೆ ಆಸ್ಪತ್ರೆಯ ಡಾಕ್ಟರು ಸರ್ವಮಂಗಳಾ ಮನೆಯವರನ್ನು ಕರೆದು ಕೂರಿಸಿದರು.

"ಬಸಿರಿನಿಂದ ಹೃದಯ ಸೋತಿದೆ. ಮಾತ್ರೆ ನಿಲ್ಲಿಸಬಾರದು. ಸ್ವಲ್ಪ ಸ್ವಲ್ಪವಾಗಿ ಚೇತರಿಸಿಕೊಳ್ತಾರೆ. ಆದರೆ ಇನ್ನೊಂದು ಬಸಿರನ್ನ ಈ ಹೃದಯ ತಡೆಯಲ್ಲ. ಅದಂತೂ ಖಂಡಿತ."

"ಹಂಗಾದ್ರೆ ಇವಳಿಗೆ ಆಪರೇಷನ್ ಮಾಡ್ಬಿಡಿ ಮೇಡಂ" ಎಂದ ಸುಮನ್.

"ಈ ಸ್ಥಿತಿಯಲ್ಲಿ ಇವರನ್ನ ಆಪರೇಷನ್ ಟೇಬಲ್ ಮೇಲೆ ಮಲಗಿಸೋಕೆ ನನಗಿಷ್ಟ ಇಲ್ಲ. ನೀವು ಮಾಡಿಸ್ಕೊಳ್ಳಿ. ಗಂಡಸರದ್ದು ಚಿಕ್ಕ ಆಪರೇಷನ್. ಬೆಳಗ್ಗೆ ಬಂದ್ರೆ ಮಧ್ಯಾಹ್ನ ಮನೆಗೆ ಹೋಗಬಹುದು."

ಸುಮನ್ ಆಗಲಿ ಎಂದು ತಲೆಯಾಡಿಸಿದ. ಮನೆಗೆ ಬಂದ ಮೇಲೆ ಆ ಮಾತನ್ನೇ ಎತ್ತಲಿಲ್ಲ. ಪಾರ್ವತಮ್ಮ ಎರಡು ಸಲ ನೆನಪಿಸಿದಳು. ಒಮ್ಮೆ ರಜ ಸಿಗುತ್ತಿಲ್ಲ ಎಂದ, ಇನ್ನೊಮ್ಮೆ ನಾಮಕರಣ ಮುಗಿಯಲಿ ಎಂದ.

ನಾಮಕರಣಕ್ಕೆ ಮನೆಯ ಮುಂದೆಯೇ ಶಾಮಿಯಾನ ಹಾಕಿಸಿದ್ದರು. ಮಗುವಿಗೆ ಗೌತಮಿ ಎಂದು ಹೆಸರಿಟ್ಟರು. ಊಟಕ್ಕೆ ಎಲೆ ಹಾಕಿದ ಮೇಲೆ ಮುನಿಯಮ್ಮ ಗಂಡಸರ ಸಾಲಿನ ಎದುರಿಗೇ ಕುರ್ಚಿ ಎಳೆದುಕೊಂಡು ಕೂತಳು. ವಯಸ್ಸು ಎಪ್ಪತ್ತರ ಹತ್ತಿರ ಬಂದಿದ್ದರೂ ಗಂಟಲು ಹಾಗೇ ಇತ್ತು.

"ಮಗು ಲಕ್ಷಣವಾಗಿದೆ. ಮುಂದಿನ ಸಲ ಗಂಡಾಗಲಿ, ನಾನು ಕಣ್ಣಲ್ಲಿ ನೋಡಿ ಹೋಗ್ತೀನಿ."

"ಮುಂದಿನ ಸಲ ಇಲ್ಲ ಅತ್ತಿಗೆ" ಎಂದಳು ಪಾರ್ವತಮ್ಮ, ಸಾರಿನ ಬಕೆಟ್ಟು ಹಿಡಿದು ನಿಂತಿದ್ದವಳು. "ಡಾಕ್ಟ್ರು ಹೇಳಿದ್ದಾರಲ್ಲ. ಸುಮನ್ ಆಪರೇಷನ್ ಮಾಡಿಸ್ಕೋತಾನೆ."

ಸಾಲಿನಲ್ಲಿ ಒಂದಿಬ್ಬರು ಕಿಸಕ್ಕೆಂದರು. ಮುನಿಯಮ್ಮನ ಮಗ ಶಶಿಕುಮಾರ್ ಆಟೋ ಓಡಿಸುವವನು, ಹಾಸ್ಯಗಾರನೆಂದು ಹೆಸರು. "ಏನ್ ಮಗಾ, ನಮ್ಮ ಬೀದಿನಾಯಿಗಳ ಹಂಗೆ ನಿನ್ನ ಕಿವೀನೂ ಕತ್ತರಿಸಿ ಕಳಿಸ್ತಾರಾ?" ಎಂದ. ಕಾರ್ಪೊರೇಷನ್ನಿನವರು ನಾಯಿಗಳಿಗೆ ಆಪರೇಷನ್ ಮಾಡಿ, ಗುರುತಿಗೆ ಕಿವಿಯ ತುದಿ ಕತ್ತರಿಸಿ ಬಿಡುತ್ತಿದ್ದರು. ಸಾಲೆಲ್ಲ ನಕ್ಕಿತು. ಸುಮನ್ ಎಲೆಯ ಮೇಲಿನ ಅನ್ನವನ್ನು ಕಲಸುತ್ತಲೇ ಇದ್ದ.

"ಭಾರ ಎತ್ತೋ ಹುಡುಗ, ನಿತ್ರಾಣ ಆಗೋದ್ರೆ ಮನೆ ನಡೆಸೋರು ಯಾರು?" ಎಂದಳು ಮುನಿಯಮ್ಮ. "ಡಾಕ್ಟ್ರುಗಳು ಹೇಳ್ತಾನೇ ಇರ್ತಾರೆ. ಮಾತ್ರೆ ತಗೊಂಡ್ರೆ ಎಲ್ಲ ಸರಿಹೋಗುತ್ತೆ. ಹೆರೋದಂದ್ರೆ ನೋವಿಲ್ದೆ ಆಗುತ್ತಾ? ಆ ಬಾಳೆಗಿಡ ನೋಡು. ಗೊನೆ ಕೊಟ್ಟು ತಾನು ಬಿದ್ದೋಗುತ್ತೆ. ತಾಯಿ ಅಂದ್ರೆ ಹಂಗೇ."

ಪಾರ್ವತಮ್ಮ ಬಕೆಟ್ಟನ್ನು ನೆಲದ ಮೇಲಿಟ್ಟಳು.

"ನಾನು ಹುಟ್ಟಿದ್ದೇ ಬಾಳೆತೋಟದಲ್ಲಿ ಅತ್ತಿಗೆ. ಬಾಳೆಗಿಡ ಹೆಂಗೆ ಸಾಯುತ್ತೆ ಅಂತ ನಂಗೆ ಹೇಳ್ಬೇಡಿ. ಅದಕ್ಕೆ ಬಾಯಿಲ್ಲ, ಕಡಿಯೋಕೆ ಬಂದ್ರೆ ನಿಂತಿರುತ್ತೆ. ನಮ್ಮಕ್ಕನ್ನ ಮಣ್ಣು ಮಾಡಿ ಬಂದೋರೂ ಇದೇ ಮಾತಾಡಿದ್ರು. ಅವಳಿಗೆ ಬಾಯಿತ್ತು. ಸಾಕು ಅಂತ ಅವಳು ನಮ್ಮಮ್ಮನ ಹತ್ರ ಅತ್ತಿದ್ದು ನಾನು ಕೇಳಿದೀನಿ."

"ಪಾರ್ವತಿ, ಊಟದ ಹೊತ್ನಲ್ಲಿ ಬೇಡ" ಎಂದ ನರಸಿಂಹಯ್ಯ ಮೆತ್ತಗೆ.

"ಊಟದ ಹೊತ್ನಲ್ಲೇ ಹೇಳ್ತೀನಿ, ಎಲ್ಲರೂ ಕೂತಿದ್ದೀರಿ." ಅವಳು ಮಗನ ಎದುರಿಗೆ ಹೋಗಿ ನಿಂತಳು. "ಸುಮನ್, ನೀನು ಹುಟ್ಟಿದ ಮೇಲೆ ನನ್ನ ಗರ್ಭಕೋಶ ಜಾರಿ ಆಚೆ ಬಂದಿದೆ. ನೀನು ಹುಟ್ಟಿದ ವರ್ಷದಿಂದ ಇವತ್ತಿನ ತನಕ ಬಟ್ಟೆ ಕಟ್ಟಿಕೊಂಡು ಓಡಾಡ್ತಿದೀನಿ. ಈಗಲೂ ಕಟ್ಟಿಕೊಂಡೇ ನಿಂತಿದೀನಿ. ಹಂಗೇ ಎಲೆ ಹೊತ್ತೆ, ಹಂಗೇ ನಿನ್ನ ಓದಿಸಿದೆ. ಇಷ್ಟು ದಿನ ಯಾರಿಗೂ ಹೇಳ್ಲಿಲ್ಲ, ಅದು ನನ್ನ ತಪ್ಪು. ಈ ಹುಡುಗಿ ಹೃದಯ ಕೊಟ್ಟಿದ್ದಾಳೆ. ಈ ಮನೇಲಿ ಹೆಂಗಸರು ಕೊಡೋದು ಮುಗೀತು. ಇನ್ನು ನಿನ್ನ ಸರದಿ."

ಯಾರೂ ನಗಲಿಲ್ಲ. ಕೆಲವರು ಎಲೆ ಮಡಚಿ ಎದ್ದುಬಿಟ್ಟರು. ಮುನಿಯಮ್ಮನ ಮುಖ ಕೆಂಪಗಾಯಿತು. "ಗಂಡಸರ ಮುಂದೆ ಇಂಥ ಮಾತಾಡಿದ ಮನೆ ಹೊಸ್ತಿಲು ಇನ್ನು ತುಳಿಯಲ್ಲ" ಎಂದು ಶಶಿಕುಮಾರನನ್ನು ಎಬ್ಬಿಸಿಕೊಂಡು ಹೊರಟಳು. ಒಳಕೋಣೆಯ ಬಾಗಿಲಲ್ಲಿ ಮಗುವನ್ನೆತ್ತಿಕೊಂಡು ನಿಂತಿದ್ದ ರಂಜಿನಿ ಅತ್ತೆಯನ್ನೇ ನೋಡುತ್ತಿದ್ದಳು.

ಸಂಜೆ ನರಸಿಂಹಯ್ಯ ಶಾಮಿಯಾನದ ಕಂಬದ ಪಕ್ಕ ಒಬ್ಬನೇ ಕೂತಿದ್ದ. ಪಾರ್ವತಮ್ಮ ಟೀ ತಂದುಕೊಟ್ಟಳು.

"ನಂಗ್ಯಾಕೆ ಹೇಳ್ಲಿಲ್ಲ?" ಎಂದ.

"ನೀವು ಕೇಳ್ಲಿಲ್ಲ."

ಅವನು ಟೀ ಕುಡಿಯಲಿಲ್ಲ. ಮಾರನೆಯ ದಿನ ಬೆಳಕು ಹರಿಯುವ ಮುಂಚೆ ಪಾರ್ವತಮ್ಮ ಮಾರ್ಕೆಟ್ಟಿಗೆ ಹೊರಡಲು ಎದ್ದರೆ ಗಂಡ ಹಾಸಿಗೆಯಲ್ಲಿರಲಿಲ್ಲ. ಅವಳು ಜಗಲಿಗೆ ಹೋಗುವ ಹೊತ್ತಿಗೆ ಎಲೆಯ ಕಟ್ಟುಗಳನ್ನು ಆಟೋದಿಂದ ಇಳಿಸಿ, ಗೋಣಿಗೆ ನೀರು ಚಿಮುಕಿಸುತ್ತ ನಿಂತಿದ್ದ. ಎಲೆ ಆರಿಸಲು ಅವನಿಗೆ ಬಾರದು, ಅರ್ಧ ಹರಿದಿದ್ದವು. ಪಾರ್ವತಮ್ಮ ಹರಿದದ್ದನ್ನು ಬೇರೆ ಮಾಡಿಟ್ಟಳು. ಅಂದಿನಿಂದ ಅವಳು ಕಟ್ಟು ಹೊರಲಿಲ್ಲ.

ಸುಮನ್‌ಗೆ ನಾಚಿಕೆಗಿಂತ ಸಿಟ್ಟು ಹೆಚ್ಚಾಗಿತ್ತು. "ಎಲ್ಲರ ಮುಂದೆ ನನ್ನ ಮಾನ ತೆಗ್ದೆ" ಎಂದು ತಾಯಿಯೊಂದಿಗೆ ಮಾತು ಬಿಟ್ಟ. ಪಾರ್ವತಮ್ಮ ಹೆಚ್ಚು ಚರ್ಚೆ ಮಾಡಲಿಲ್ಲ. ಸೊಸೆಯ ಹಾಸಿಗೆ, ಮಗುವಿನ ತೊಟ್ಟಿಲು, ದೊಡ್ಡ ಮೊಮ್ಮಗಳ ಪುಸ್ತಕದ ಚೀಲ ಎಲ್ಲವನ್ನೂ ತನ್ನ ಕೋಣೆಗೆ ಸಾಗಿಸಿದಳು. ಮಗನ ಚಾಪೆ ದಿಂಬನ್ನು ಹಾಲಿನಲ್ಲಿ ಅವನಪ್ಪನ ಹಾಸಿಗೆಯ ಪಕ್ಕ ಹಾಕಿದಳು.

"ಇದೇನಿದು?" ಎಂದು ಅವನು ಕೇಳಲೇಬೇಕಾಯಿತು.

"ಆಪರೇಷನ್ ಆಗೋ ತನಕ ಗಂಡಸರು ಆಚೆ, ಹೆಂಗಸರು ಒಳಗೆ. ನಂಗೆ ನಿನ್ನ ಮೇಲೆ ನಂಬಿಕೆ ಇಲ್ಲ."

"ಅವಳು ನನ್ನ ಹೆಂಡ್ತಿ ಅಮ್ಮ."

"ಅದಕ್ಕೇ."

ರಂಜಿನಿ ಒಳಗಿನಿಂದ ಎಲ್ಲ ಕೇಳುತ್ತಿದ್ದಳು. ಗಂಡನ ಪರ ಬರಲಿಲ್ಲ. ಅವಳಿಗೆ ಅವನ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಆದರೆ ಐಸಿಯುನಲ್ಲಿ ಮುಖಕ್ಕೆ ಮಾಸ್ಕ್ ಕಟ್ಟಿ ಮಲಗಿಸಿದ್ದಾಗ, ಇನ್ನೊಂದು ಉಸಿರು ಬರುತ್ತದೋ ಇಲ್ಲವೋ ಎಂದು ಕಾಯುತ್ತ ಕಳೆದ ದಿನಗಳನ್ನು ಅವಳು ಯಾರಿಗೂ ವಿವರಿಸಲಾರದವಳಾಗಿದ್ದಳು. ಶಾಲೆಯವರು ಫೋನ್ ಮಾಡಿ ಯಾವಾಗ ಬರುತ್ತೀರಿ ಎಂದು ಕೇಳುತ್ತಿದ್ದರು. ಅಡುಗೆಮನೆಯಿಂದ ಬಚ್ಚಲಿಗೆ ನಡೆದರೆ ಗೋಡೆ ಹಿಡಿದು ನಿಲ್ಲಬೇಕಾಗಿತ್ತು.

ಒಂದು ತಿಂಗಳು ಹೀಗೇ ನಡೆಯಿತು. ಹಾಲಿನಲ್ಲಿ ಅಪ್ಪ ಮಗ ಮಲಗುವುದು, ಅಪ್ಪನ ಗೊರಕೆಗೆ ಮಗ ಹೊರಳಾಡುವುದು. ಕೊನೆಗೆ ಒಂದು ಸೋಮವಾರ ಸುಮನ್, "ಹೋಗ್ಬರ್ತೀನಿ" ಎಂದು ಎಲ್ಲಿಗೆಂದು ಹೇಳದೆ ಹೊರಟ. ಎಲ್ಲಿಗೆಂದು ಎಲ್ಲರಿಗೂ ಗೊತ್ತಿತ್ತು. ಮಧ್ಯಾಹ್ನಕ್ಕೆ ಮುಂಚೆಯೇ ವಾಪಸು ಬಂದ. ಶರ್ಟೆಲ್ಲ ಬೆವರು.

"ಆಯ್ತಾ?" ಎಂದಳು ರಂಜಿನಿ.

"ಇಲ್ಲ." ಅವನು ಬಾಗಿಲಲ್ಲೇ ಕೂತ. "ಗೌನ್ ಹಾಕಿ ಕೂರಿಸಿದ್ರು. ಪಕ್ಕದಲ್ಲಿ ಒಬ್ಬ ಟ್ರೇ ಇಟ್ಟ. ಅದರಲ್ಲಿ ಕತ್ತರಿ ಇತ್ತು. ಟಾಯ್ಲೆಟ್‌ಗೆ ಹೋಗ್ಬರ್ತೀನಿ ಅಂತ ಹೇಳಿ ಬಂದ್ಬಿಟ್ಟೆ."

"ಗೌನಲ್ಲೇನಾ?"

"ಗೇಟಿನ ತನಕ ಗೌನಲ್ಲೇ. ಆಮೇಲೆ ವಾಚ್‌ಮನ್ ಬಟ್ಟೆ ತಂದುಕೊಟ್ಟ."

ರಂಜಿನಿಗೆ ನಗು ಬಂತು. ಮೊದಲು ತುಟಿ ಕಚ್ಚಿದಳು, ಆಮೇಲೆ ತಡೆಯಲಾಗದೆ ನಕ್ಕಳು. ಎಷ್ಟೋ ತಿಂಗಳ ಮೇಲೆ ಬಂದ ನಗು. ಸುಮನ್ ಕೂಡ ಪೆಚ್ಚುಪೆಚ್ಚಾಗಿ ನಗತೊಡಗಿದ. ಇದ್ದಕ್ಕಿದ್ದಂತೆ ಅವಳ ನಗು ಕೆಮ್ಮಾಯಿತು, ಕೆಮ್ಮು ಏದುಸಿರಾಯಿತು. ಬಾಗಿಲ ಚೌಕಟ್ಟು ಹಿಡಿದು ನೆಲಕ್ಕೆ ಕುಸಿದು, ತಲೆ ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚಿ ಗಾಳಿ ಎಳೆದುಕೊಳ್ಳುತ್ತ ಕೂತಳು. ಪಾರ್ವತಮ್ಮ ಓಡಿಬಂದು ಬೆನ್ನು ನೀವಿದಳು. ಉಸಿರು ಹದಕ್ಕೆ ಬರಲು ಬಹಳ ಹೊತ್ತು ಹಿಡಿಯಿತು.

"ನೋಡು ಸುಮನ್" ಎಂದಳು ರಂಜಿನಿ. "ನಗೋಕೂ ಆಗ್ತಿಲ್ಲ ನಂಗೆ. ನಿನ್ನ ಬೇಡ್ಕೊಳ್ಳೋ ಅಷ್ಟು ಉಸಿರು ನನ್ನತ್ರ ಇಲ್ಲ. ಬೇಡ್ಕೊಳ್ಳೋದೂ ಇಲ್ಲ. ನೀನು ಮಾಡಿಸ್ಕೊಂಡ್ರೂ ನಾನು ಬದುಕ್ತೀನಿ, ಮಾಡಿಸ್ಕೊಳ್ದೇ ಇದ್ರೂ ಬದುಕ್ತೀನಿ. ಬದುಕೋದನ್ನ ಮಾತ್ರ ಬಿಡಲ್ಲ. ಮಾಡಿಸ್ಕೊಳ್ದೇ ಇದ್ರೆ ಅತ್ತೆ ಕೋಣೇಲೇ ಇರ್ತೀನಿ, ಅಷ್ಟೇ."

ಪಾರ್ವತಮ್ಮನಿಗೆ ಏನೋ ಸೇರಿಸಿ ಹೇಳಬೇಕೆನ್ನಿಸಿತು. ಸೊಸೆಯ ಮಾತಿನ ಮೇಲೆ ಇನ್ನೊಂದು ಮಾತು ಬೇಡವೆನ್ನಿಸಿ ಸುಮ್ಮನಾದಳು. ಅಂಥ ಸಂದರ್ಭ ಅವಳ ಬದುಕಿನಲ್ಲಿ ಹೆಚ್ಚು ಬಂದಿಲ್ಲ.

ಮರುದಿನ ಸುಮನ್ ಅಪ್ಪನನ್ನು ಕರೆದುಕೊಂಡು ಹೋದ. ತಾನು ಓಡಿಹೋದರೆ ಹಿಡಿಯಲು ಎಂದು ತಾನೇ ಹೇಳಿದ. ಮಧ್ಯಾಹ್ನ ಇಬ್ಬರೂ ಆಟೋದಲ್ಲಿ ಬಂದರು. ಸುಮನ್ ಕಾಲು ಅಗಲಿಸಿ ನಿಧಾನ ನಡೆದು ಚಾಪೆಯ ಮೇಲೆ ಮಲಗಿದ. ಮಗನ ಮುಖ ನೋಡಿದಾಗ ಪಾರ್ವತಮ್ಮನಿಗೆ ಮರುಕವಾಯಿತು, ನಿಜ. ತೋರಿಸಿಕೊಳ್ಳದೆ ಸೊಪ್ಪಿನ ಸಾರು, ಬಿಸಿ ಮುದ್ದೆ ಮಾಡಿ ಬಡಿಸಿದಳು. ಎರಡೇ ದಿನಕ್ಕೆ ಅವನು ಕೆಲಸಕ್ಕೆ ಹೋದ. ಮೂರು ತಿಂಗಳ ಮೇಲೆ ಪರೀಕ್ಷೆ ಮಾಡಿ ಎಲ್ಲ ಸರಿಯಿದೆ ಎಂದು ಹೇಳುವ ತನಕ ಹುಷಾರಾಗಿರಬೇಕೆಂದು ಡಾಕ್ಟರು ತಿಳಿಸಿದ್ದರು. ಅಷ್ಟು ದಿನವೂ ಪಾರ್ವತಮ್ಮ ತೊಟ್ಟಿಲನ್ನು ತನ್ನ ಕೋಣೆಯಿಂದ ಕದಲಿಸಲಿಲ್ಲ.

ಸುದ್ದಿ ನೆಂಟರಲ್ಲೆಲ್ಲ ಹಬ್ಬಿತು. ಶಶಿಕುಮಾರ್ ಎದುರು ಸಿಕ್ಕಾಗ ಏನೋ ಹಾಸ್ಯ ಮಾಡಲು ಬಾಯಿ ತೆರೆದ. ಸುಮನ್, "ನಾನು ಮಾಡಿಸ್ಕೊಂಡಿದೀನಿ ಮಚ್ಚಾ. ಮೊದಲನೇ ಸಲ ಓಡಿಬಂದಿದ್ದೂ ನಿಜ. ಇನ್ನೇನಾದ್ರೂ ಕೇಳ್ಬೇಕಾ?" ಎಂದ. ಅವನು ಆಟೋ ಸ್ಟಾರ್ಟ್ ಮಾಡಿಕೊಂಡು ಹೋದ. ಈ ಮಾತನ್ನು ಯಾರೋ ಬಂದು ಹೇಳಿದಾಗ ಪಾರ್ವತಮ್ಮ ಆ ಹೊತ್ತು ಎಲೆಗೆ ಬಂದವನೊಬ್ಬನಿಗೆ ಎರಡು ಎಲೆ ಹೆಚ್ಚಿಗೆ ಹಾಕಿಕೊಟ್ಟಳು.

ಆಷಾಢದಲ್ಲಿ ಮದುವೆಗಳಿಲ್ಲ, ಎಲೆಗೆ ಗಿರಾಕಿಯಿಲ್ಲ. ಪಾರ್ವತಮ್ಮ ತನ್ನ ಆಪರೇಷನ್ನನ್ನು ಆಗ ಇಟ್ಟುಕೊಂಡಳು. ಪರೀಕ್ಷೆ ಮಾಡಿದ ಡಾಕ್ಟರು ಸರ್ವಮಂಗಳಾ ಕೈಗವಸು ತೆಗೆದು ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

"ಇಷ್ಟು ವರ್ಷ ಯಾಕಮ್ಮ ಬರಲಿಲ್ಲ?"

"ಇದು ಕಾಯಿಲೆ ಅಂತ ಯಾರೂ ಹೇಳ್ಲಿಲ್ಲ ಮೇಡಂ. ನನ್ನ ಜೊತೆ ಎಲೆ ಹೊರೋರಲ್ಲಿ ಇನ್ನಿಬ್ಬರಿಗಿದೆ. ಅವರು ನಡೆಯೋದು ನೋಡಿದ್ರೇನೇ ಗೊತ್ತಾಗುತ್ತೆ."

"ಅವರನ್ನೂ ಕರ್ಕೊಂಡು ಬನ್ನಿ."

"ಕರ್ಕೊಂಡು ಬರ್ತೀನಿ. ಬರಲ್ಲ ಅಂದ್ರೆ ಎಳ್ಕೊಂಡು ಬರ್ತೀನಿ."

ಗರ್ಭಕೋಶ ತೆಗೆದರು. ಎಚ್ಚರವಾದಾಗ ಕಾಲ ಬಳಿ ನರಸಿಂಹಯ್ಯ ಕೂತಿದ್ದ. ಮನೆಗೆ ಬಂದ ಮೇಲೆ ಅವನು ಅವಳಿಗೆ ಬಗ್ಗಲು ಬಿಡಲಿಲ್ಲ, ನೀರಿನ ಚೊಂಬೂ ಎತ್ತಲು ಬಿಡಲಿಲ್ಲ. ಸುಮನ್ ಮುದ್ದೆ ಮಾಡಲು ಹೋಗಿ ಗಂಟುಗಂಟು ಮಾಡಿದ. ದೊಡ್ಡ ಮೊಮ್ಮಗಳು ಆ ಗಂಟುಗಳನ್ನು ಆರಿಸಿ ತಟ್ಟೆಯಂಚಿಗೆ ಸಾಲಾಗಿ ಇಟ್ಟಳು. ಬಟ್ಟೆ ಬಿಗಿಯದೆ ಮೊದಲ ಸಲ ಬೀದಿಯ ತುದಿಯ ತನಕ ನಡೆದುಹೋದ ದಿನ ಪಾರ್ವತಮ್ಮನಿಗೆ ಸಂತೋಷಕ್ಕಿಂತ ಸಿಟ್ಟೇ ಬಂತು. ಇಷ್ಟು ಹಗುರಾಗಿ ನಡೆಯಬಹುದಾಗಿತ್ತಲ್ಲ, ಇಷ್ಟು ವರ್ಷ, ಎಂದು. ಆ ಸಿಟ್ಟು ಪೂರ್ತಿ ಇಳಿದಿಲ್ಲ. ಇಳಿಯಬೇಕೆಂದು ಅವಳಿಗೆ ಅನ್ನಿಸಿಯೂ ಇಲ್ಲ.

ರಂಜಿನಿ ದಸರಾ ರಜ ಮುಗಿದ ಮೇಲೆ ಶಾಲೆಗೆ ಹೋದಳು. ಓಡುವುದು ಇನ್ನು ಸಾಧ್ಯವಿಲ್ಲ, ಅದು ಅವಳಿಗೆ ಗೊತ್ತು. ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಕೂತು ಆಡಿಸುತ್ತಾಳೆ. ಮೊದಮೊದಲು ಸೀಟಿ ಊದಲೂ ಉಸಿರು ಸಾಲುತ್ತಿರಲಿಲ್ಲ, ಚಪ್ಪಾಳೆ ತಟ್ಟಿ ನಡೆಸಿದಳು. ಕಳೆದುಕೊಂಡದ್ದರ ಬಗ್ಗೆ ಯಾರಾದರೂ, "ಎರಡು ಮಕ್ಕಳ ಮುಖ ನೋಡಿ ಮರೀರಿ ಮಿಸ್" ಎಂದರೆ, "ಮಕ್ಕಳ ಮುಖ ನೋಡ್ತೀನಿ, ಮರೆಯಲ್ಲ" ಎನ್ನುತ್ತಾಳೆ.

ಕಾರ್ತಿಕದ ಮದುವೆಗಳು ಶುರುವಾಗಿ ಜಗಲಿಯಲ್ಲಿ ಗಿರಾಕಿಗಳು ತುಂಬಿದ್ದ ಒಂದು ಬೆಳಗ್ಗೆ ಮುನಿಯಮ್ಮ ಬಂದಳು. ಹೊಸ್ತಿಲು ತುಳಿಯುವುದಿಲ್ಲವೆಂದು ಆಣೆ ಇಟ್ಟಿದ್ದು ಮನೆಗೆ, ಅಂಗಡಿಗಲ್ಲವಲ್ಲ. ಗಿರಾಕಿಗಳೆಲ್ಲ ಹೋಗುವ ತನಕ ಸ್ಟೂಲಿನ ಮೇಲೆ ಸೆರಗು ಹೊದ್ದು ಕೂತಿದ್ದಳು. ಪಾರ್ವತಮ್ಮ ತಾನಾಗಿ ಮಾತಾಡಿಸಲಿಲ್ಲ. ಬಾಯಿಗೆ ಬಂದ ಚುಚ್ಚುಮಾತುಗಳು ಒಂದೆರಡಲ್ಲ. ಆದರೆ ಮುನಿಯಮ್ಮ ಕೂರುವಾಗ ಒಂದು ಕ್ಷಣ ತಡೆದು, ಒಂದು ಪಕ್ಕಕ್ಕೆ ವಾಲಿ ಕೂತದ್ದನ್ನು ಅವಳು ನೋಡಿದ್ದಳು.

"ಆ ಡಾಕ್ಟ್ರಮ್ಮ ಯಾವತ್ತು ಇರ್ತಾಳೆ?" ಎಂದಳು ಮುನಿಯಮ್ಮ, ರಸ್ತೆಯ ಕಡೆ ನೋಡುತ್ತ.

"ಯಾಕೆ?"

"ಸುಮ್ನೆ ಕೇಳ್ದೆ."

ಪಾರ್ವತಮ್ಮ ಕುಡುಗೋಲು ಕೆಳಗಿಟ್ಟಳು. "ಎಷ್ಟು ವರ್ಷದಿಂದ ಅತ್ತಿಗೆ?"

ಮುನಿಯಮ್ಮ ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡಳು. "ಶಶಿ ಹುಟ್ಟಿದಾಗಿಂದ" ಎಂದಳು. ಆಮೇಲೆ ಅವಸರದಲ್ಲಿ, "ಯಾರಿಗೂ ಹೇಳ್ಬೇಡ ಪಾರ್ವತಿ. ನಾವಿಬ್ರೇ ಹೋಗ್ಬರೋಣ. ಮೊಣಕಾಲು ನೋವು ಅಂತ ಹೇಳ್ತೀನಿ ಮನೇಲಿ."

"ಹೇಳ್ತೀನಿ. ಶಶಿಗೇ ಹೇಳ್ತೀನಿ. ಸೋಮವಾರ ಅವನೇ ಆಟೋ ತರ್ಲಿ."

"ಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ."

"ಬೀಳ್ಬೇಡಿ, ಏಳೋಕೆ ಕಷ್ಟ ಆಗುತ್ತೆ ನಿಮ್ಗೆ. ನಾವು ಮುಚ್ಚಿಟ್ಟಿದ್ದಕ್ಕೇ ಅಲ್ವಾ ಅವರೆಲ್ಲ ಸಾಲಲ್ಲಿ ಕೂತು ನಕ್ಕಿದ್ದು?"

ಮುನಿಯಮ್ಮ ಸ್ಟೂಲು ಹಿಡಿದು ನಿಧಾನಕ್ಕೆ ಎದ್ದು ಮನೆಯ ಕಡೆ ಹೊರಟಳು.

ಸೋಮವಾರ ಬೆಳಗ್ಗೆ ಶಶಿಕುಮಾರನ ಆಟೋ ಜಗಲಿಯ ಮುಂದೆ ಬಂದು ನಿಂತಿತು. ಹಿಂದಿನ ಸೀಟಿನಲ್ಲಿ ಮುನಿಯಮ್ಮ ಮುಖದ ಮೇಲೆ ಸೆರಗೆಳೆದುಕೊಂಡು ಕೂತಿದ್ದಳು. ಪಾರ್ವತಮ್ಮ ಅಂಗಡಿಯನ್ನು ಗಂಡನಿಗೆ ಒಪ್ಪಿಸಿ ಹತ್ತಿ ಪಕ್ಕದಲ್ಲಿ ಕೂತಳು.

"ಎಲ್ಲಿಗೆ ಅತ್ತೆ?" ಎಂದ ಶಶಿಕುಮಾರ್.

"ಹೆರಿಗೆ ಆಸ್ಪತ್ರೆಗೆ."

"ಹೆರಿಗೆ ಆಸ್ಪತ್ರೆಗಾ? ಅಮ್ಮಂಗೆ ಏನಾಗಿದೆ?"

ಮುನಿಯಮ್ಮ ಪಾರ್ವತಮ್ಮನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಪಾರ್ವತಮ್ಮ ಕೈ ಬಿಡಿಸಿಕೊಳ್ಳಲಿಲ್ಲ.

"ನಿನ್ನನ್ನ ಹೆತ್ತಿದ್ದಾಗಿದೆ ಕಣಪ್ಪ" ಎಂದಳು. "ನಡಿ, ಹಳ್ಳ ದಿಣ್ಣೆ ನೋಡ್ಕೊಂಡು ನಿಧಾನಕ್ಕೆ ಓಡ್ಸು. ದಾರೀಲಿ ಎಲ್ಲ ಹೇಳ್ತೀನಿ."